ಓಟು ತಿರುಗಿಸಿದ್ದು ಯಾರು? ಉತ್ತರ ಸಿಕ್ಕಿದ್ದು ಕೇಬಲ್ ಪಟ್ಟಿಯಲ್ಲಿ

ಚುನಾವಣೆಯ ಫಲಿತಾಂಶ ಬಂದ ಮರುದಿನ ಕಾಪು ಪೇಟೆಯಲ್ಲೋ ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲೋ ಚಹಾ ಕುಡಿಯಲು ಕೂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಇವರನ್ನು ಟೀವಿಯವರೇ ಗೆಲ್ಲಿಸಿದ್ದು ಮಾರಾಯ್ರೆ." ಹೇಳುವುದು ಸುಲಭ, ಸಾಬೀತು ಮಾಡುವುದು ಬಹಳ ಕಷ್ಟ. ಒಂದು ಪಕ್ಷದ ಪರ ಕೂಗುವ ಚಾನೆಲನ್ನು ಹಚ್ಚಿ ಕೂರುವವರಲ್ಲಿ ಬಹುಪಾಲು ಮಂದಿ ಮೊದಲೇ ಆ ಕಡೆ ವಾಲಿದವರು. ಚಾನೆಲ್ ಅವರನ್ನು ವಾಲಿಸಿತೋ, ವಾಲಿದ್ದರಿಂದ ಅವರು ಚಾನೆಲ್ ಹಚ್ಚಿದರೋ? ಬೀಜ ಮೊದಲೋ ಮರ ಮೊದಲೋ ಎಂಬಂಥ ಈ ಗಂಟು ಸಡಿಲಾಗಲು ಅರುವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಮೊದಲು ಕೈಹಾಕಿದವರು ಸಮಾಜಶಾಸ್ತ್ರಜ್ಞ ಪಾಲ್ ಲಜಾರ್ಸ್‌ಫೆಲ್ಡ್. 1940ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಹೊತ್ತು. ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ ಸುಮಾರು 600 ಮತದಾರರನ್ನು ಅವರ ತಂಡ ಮೇ ತಿಂಗಳಿಂದ ನವೆಂಬರ್‌ವರೆಗೆ ಮತ್ತೆ ಮತ್ತೆ ಮಾತಾಡಿಸಿತು. ಪತ್ರಿಕೆ ಓದಿ, ರೇಡಿಯೊ ಕೇಳಿ ಪಕ್ಷ ಬದಲಿಸಿದವರು ತೀರ ಕಡಿಮೆ. ಮನೆಯವರ, ನೆರೆಯವರ, ಜೊತೆಗಾರರ ಮಾತೇ ಹೆಚ್ಚು ನಾಟುತ್ತಿತ್ತು. ಮಾಧ್ಯಮ ಇದ್ದ ಒಲವನ್ನು ಗಟ್ಟಿ ಮಾಡುತ್ತದೆ, ಅಷ್ಟೇ ಎಂಬ ತೀರ್ಮಾನ ದಶಕಗಟ್ಟಲೆ ಪಾಠವಾಗಿ ಉಳಿಯಿತು.

ಈ ಪಾಠವನ್ನು ಅಲುಗಿಸಿದವರು ಇಬ್ಬರು ಅರ್ಥಶಾಸ್ತ್ರಜ್ಞರು, ಸ್ಟೆಫಾನೊ ಡೆಲ್ಲವಿನ್ಯ ಮತ್ತು ಈಥನ್ ಕಪ್ಲಾನ್. ಅವರು ನೋಡುಗರ ಬೆನ್ನು ಹತ್ತುವುದನ್ನು ಬಿಟ್ಟು ಕೇಬಲ್ ಕಂಪನಿಗಳ ಪಟ್ಟಿ ಹಿಡಿದು ಕೂತರು. ರಿಪಬ್ಲಿಕನ್ ಪಕ್ಷದತ್ತ ವಾಲುವ ಫಾಕ್ಸ್ ನ್ಯೂಸ್ ಚಾನೆಲ್ ಶುರುವಾದದ್ದು 1996ರ ಅಕ್ಟೋಬರ್‌ನಲ್ಲಿ. ಆಗ ಕೇಬಲ್ಲಿನಲ್ಲಿ ಚಾನೆಲ್‌ಗಳಿಗೆ ಜಾಗ ಕಡಿಮೆ. ಒಂದೂರಿನ ಕಂಪನಿ ಜಾಗ ಕೊಟ್ಟಿತು, ಪಕ್ಕದೂರಿನದು ಕೊಡಲಿಲ್ಲ. ಮೊದಲಿನ ಮತದಾನದಲ್ಲೂ ಜನರ ಸ್ವಭಾವದಲ್ಲೂ ಈ ಊರುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಯಾರೂ ಹೂಡದೆ ಒಂದು ಪ್ರಯೋಗ ತಾನಾಗಿಯೇ ನಡೆದುಹೋಗಿತ್ತು! 9,256 ಊರುಗಳ 1996 ಮತ್ತು 2000ದ ಮತಗಳನ್ನು ಹೋಲಿಸಿದಾಗ ಫಾಕ್ಸ್ ಬಂದ ಊರುಗಳಲ್ಲಿ ರಿಪಬ್ಲಿಕನ್ ಪಕ್ಷದ ಪಾಲು 0.4ರಿಂದ 0.7 ಶೇಕಡಾ ಅಂಶದಷ್ಟು ಹೆಚ್ಚಿತ್ತು. 2007ರಲ್ಲಿ ಪ್ರಬಂಧ ಅಚ್ಚಾಯಿತು. ಇಷ್ಟೇ ತಾನೇ ಎನ್ನಬೇಡಿ. 2000ದಲ್ಲಿ ಇಡೀ ಅಮೆರಿಕದ ಫಲಿತಾಂಶ ನಿಂತದ್ದು ಫ್ಲಾರಿಡಾದಲ್ಲಿ. ಅಲ್ಲಿ ಸುಮಾರು 60 ಲಕ್ಷ ಮತಗಳಲ್ಲಿ ಅಂತರ 537.

ರಷ್ಯದಲ್ಲಿ ಸಿಕ್ಕಿದ ಪುರಾವೆ ಇನ್ನೂ ದೊಡ್ಡದು. 1999ರ ಸಂಸತ್ ಚುನಾವಣೆಯಲ್ಲಿ ಸರ್ಕಾರದ ಹಿಡಿತಕ್ಕೆ ಸಿಗದ ದೊಡ್ಡ ಚಾನೆಲ್ ಎನ್‌ಟಿವಿ ಒಂದೇ. ಅದರ ಪ್ರಸಾರ ಎಲ್ಲೆಲ್ಲಿ ಮುಟ್ಟುತ್ತಿತ್ತು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಸೋವಿಯತ್ ಕಾಲದ ಶೈಕ್ಷಣಿಕ ಚಾನೆಲ್ಲಿನ ಹಳೆಯ ಟವರುಗಳು. ಎನಿಕೊಲೊಪೊವ್, ಪೆಟ್ರೊವಾ, ಜುರಾವ್‌ಸ್ಕಯಾ ಎಂಬ ಮೂವರು ಸಂಶೋಧಕರು ಲೆಕ್ಕ ಹಾಕಿ 2011ರಲ್ಲಿ ಪ್ರಕಟಿಸಿದ ಪ್ರಕಾರ, ಎನ್‌ಟಿವಿ ಸಿಗುವಲ್ಲಿ ಸರ್ಕಾರದ ಪರ ಇದ್ದ ಪಕ್ಷದ ಮತಪಾಲು 8.9 ಶೇಕಡಾ ಅಂಶದಷ್ಟು ಇಳಿದಿತ್ತು. ಎಲ್ಲ ಚಾನೆಲ್‌ಗಳೂ ಒಂದೇ ರಾಗ ಹಾಡುವಲ್ಲಿ ಬೇರೆ ದನಿ ಒಂದಿದ್ದರೂ ಸಾಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಈಗ ನಮ್ಮ ಉಡುಪಿ ಜಿಲ್ಲೆಗೆ ಬರೋಣ. 2023ರಲ್ಲಿ ಕಾರ್ಕಳ ವಿಧಾನಸಭಾ ಕ್ಷೇತ್ರದ ಗೆಲುವಿನ ಅಂತರ 4,602. ಬಿದ್ದ ಮತ ಒಂದೂವರೆ ಲಕ್ಷ ಎಂದಿಟ್ಟುಕೊಳ್ಳಿ. ಅದರ ಶೇ. 0.7 ಅಂದರೆ 1,050. ಅಷ್ಟು ಮತ ಈಚೆಯಿಂದ ಆಚೆಗೆ ಹೋದರೆ ಅಂತರದಲ್ಲಿ 2,100ರ ಏರುಪೇರು. ಸುಮಾರು ಅರ್ಧ ಗೆಲುವು. ಅಮೆರಿಕದ ಅಳತೆಯನ್ನು ಹಾಗೆಯೇ ಇಲ್ಲಿಗೆ ಎತ್ತಿ ತರಬಾರದು, ಪ್ರಮಾಣ ತಿಳಿಯಲಿ ಎಂದು ಹೇಳಿದೆ.

ಹಾಗಾದರೆ ವಾಲುವ ಸುದ್ದಿಗೆ ಕಡಿವಾಣ ಇದೆಯೇ? 2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಎದ್ದ ಹಿಜಾಬ್ ವಿವಾದ ದೆಹಲಿಯ ಸ್ಟುಡಿಯೊಗಳಿಗೆ ತಲುಪಲು ಹೆಚ್ಚು ದಿನ ಬೇಕಾಗಲಿಲ್ಲ. ನ್ಯೂಸ್18 ಇಂಡಿಯಾದ ಒಂದು ಚರ್ಚೆಯಲ್ಲಿ ಹಿಜಾಬ್ ಪರ ಮಾತಾಡಿದವರನ್ನು ಅಲ್ ಕೈದಾದ ಜವಾಹಿರಿ ಜೊತೆ ತಳುಕು ಹಾಕಲಾಯಿತು. ಸುದ್ದಿ ವಾಹಿನಿಗಳೇ ಕಟ್ಟಿಕೊಂಡಿರುವ ಪ್ರಾಧಿಕಾರ ಎನ್‌ಬಿಡಿಎಸ್‌ಎ 2022ರ ಅಕ್ಟೋಬರ್‌ನಲ್ಲಿ ವಾಹಿನಿಗೆ 50,000 ರೂಪಾಯಿ ದಂಡ ಹಾಕಿತು. ಅಷ್ಟರಲ್ಲಿ ಚರ್ಚೆ ಪ್ರಸಾರವಾಗಿ ಆರು ತಿಂಗಳು ಕಳೆದಿತ್ತು. ನೋಡಿದವರ ಮನಸ್ಸಿನಲ್ಲಿ ಕೂತದ್ದನ್ನು ಯಾವ ದಂಡ ಹಿಂದಕ್ಕೆ ತರುತ್ತದೆ?

ಚುನಾವಣೆ ಬಂದಾಗ ಪ್ರತಿ ಜಿಲ್ಲೆಯಲ್ಲಿ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ (ಎಂಸಿಎಂಸಿ) ಪತ್ರಿಕೆ, ಟೀವಿಗಳ ಮೇಲೆ ಕಣ್ಣಿಡುತ್ತದೆ. ಸಮಿತಿ ಹುಡುಕುವುದು ಕಾಸಿಗಾಗಿ ಸುದ್ದಿಯನ್ನು. ಕಾಸು ಪಡೆಯದೆಯೇ ಒಂದು ಕಡೆ ವಾಲುವ ಸುದ್ದಿ ಅದರ ಬಲೆಗೆ ಬೀಳುವುದಿಲ್ಲ.

ಹಾಗಾಗಿ ಮಣಿಪಾಲದಲ್ಲಿ ಪತ್ರಿಕೋದ್ಯಮ ಕಲಿಯುತ್ತಿರುವ ಮಕ್ಕಳಲ್ಲಿ ಒಂದು ಕೋರಿಕೆ: ಫಾಕ್ಸ್ ಬಗ್ಗೆ ಹಾಕಿದಂಥ ಲೆಕ್ಕವನ್ನು ನಮ್ಮೂರಿಗೂ ಹಾಕಿ ನೋಡಿ. ಮತಗಟ್ಟೆವಾರು ಲೆಕ್ಕ ಚುನಾವಣಾ ಆಯೋಗದ ನಮೂನೆ 20ರಲ್ಲಿ ಇದೆ, ಯಾರು ಬೇಕಾದರೂ ನೋಡಬಹುದು. ಯಾವ ಊರಿಗೆ ಕೇಬಲ್ ಯಾವ ವರ್ಷ ಬಂತು, ಯಾವ ಪತ್ರಿಕೆಯ ಕಟ್ಟು ಎಲ್ಲಿಯವರೆಗೆ ಹೋಗುತ್ತಿತ್ತು ಎಂಬುದು ಹಳೆಯ ಕೇಬಲ್‌ನವರಿಗೆ, ಪೇಪರ್ ಏಜೆಂಟರಿಗೆ ಗೊತ್ತು. ಅವರಿಗೆ ವಯಸ್ಸಾಗುತ್ತಿದೆ. ಈಗಲೇ ಹೋಗಿ ಕೇಳಿ ಬರೆದಿಟ್ಟುಕೊಳ್ಳಿ.