ಕಾರಿನ ಜಮಖಾನೆಯ ಅಡಿ ನೋಡಿದ್ದೀರಾ?

"ಇದೇನ್ರೀ, ಕಾರೊಳಗೆ ನೆನೆದ ಗೋಣಿಚೀಲದ ವಾಸನೆ!" ಎಂದೆ. ನಮ್ಮವರಿಗೆ ಸರ್ರನೆ ಕೋಪ ಬಂತು. ನಿವೃತ್ತರಾದ ಮೇಲೆ ಆಸೆಪಟ್ಟು ಕೊಂಡ ಸೆಕೆಂಡ್ ಹ್ಯಾಂಡ್ ಮಾರುತಿ 800 ಅದು. 1983ರಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಹಾಗಾಗಿ ಈಗ ಸಿಗುವುದೆಲ್ಲ ಹಳೆಯದೇ. ಬಸವನಗುಡಿಯ ಅಡ್ಡರಸ್ತೆಗಳಲ್ಲಿ ತಿರುಗಿಸಲು ಇದಕ್ಕಿಂತ ಸುಲಭದ ಕಾರಿಲ್ಲವೆಂದು ಬೀದಿಯವರೆಲ್ಲ ಹೊಗಳಿದ್ದರು. ಮೂಗು ಮುಚ್ಚಿಕೊಂಡವಳು ನಾನೊಬ್ಬಳೇ. "ಹಳೇ ಕಾರು ಅಂದ್ಮೇಲೆ ಅಷ್ಟು ವಾಸನೆ ಇರತ್ತೆ ಕಣೇ" ಎಂದುಬಿಟ್ಟರು.

ನಾನು ಕೂರುವ ಮುಂದಿನ ಎಡಬದಿಯ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ, ಕಾರ್ಪೆಟ್ಟಿನ ಮೇಲೆ ಊಟದ ತಟ್ಟೆಯಷ್ಟು ಅಗಲದ ಕಂದು ಕಲೆ. ಗೃಹಿಣಿಯಾದವಳು ಏನು ಮಾಡುತ್ತಾಳೋ ಅದನ್ನೇ ಮಾಡಿದೆ. ಬಕೆಟ್ಟಿನಲ್ಲಿ ಸೋಪಿನ ಪುಡಿ ಕಲಸಿ, ಬ್ರಷ್ ಹಿಡಿದು ತಿಕ್ಕಿ, ನಾಲ್ಕು ಚೊಂಬು ನೀರು ಸುರಿದೆ. ಕಲೆ ಮಾಯ! ನಾಲ್ಕನೆಯ ದಿನ ನೋಡಿದರೆ ಮೊದಲಿಗಿಂತ ದೊಡ್ಡದಾಗಿ ಮೇಲೆದ್ದಿದೆ, ವಾಸನೆಯೂ ಎರಡರಷ್ಟು.

ದಾರಿ ತೋರಿದವರು ಕಾರು ಮುಟ್ಟಿಯೇ ಗೊತ್ತಿಲ್ಲದ ನಮ್ಮತ್ತೆ. "ಉಗ್ರಾಣದಲ್ಲಿ ಅಕ್ಕಿಮೂಟೆ ಮುಗ್ಗಿದ್ರೆ ಮೂಟೆ ಒರೆಸ್ತೀಯೇನೇ? ಎತ್ತಿ ನೆಲ ನೋಡಲ್ವೆ? ಆ ಜಮಖಾನೆ ಎತ್ತಿಸು" ಎಂದರು.

ಎತ್ತಿಸಿದೆವು. ಚಾಮರಾಜಪೇಟೆಯ ಗ್ಯಾರೇಜಿನ ಹುಡುಗ ಬಾಗಿಲ ಹೊಸ್ತಿಲಿನ ಪಟ್ಟಿಯ ಸ್ಕ್ರೂ ಬಿಚ್ಚಿ, ಸೀಟಿನ ಬೋಲ್ಟ್ ತೆಗೆದು ಕಾರ್ಪೆಟ್ ಮಡಚಿದ. ಅದರಡಿ ದಪ್ಪನೆಯ ನಾರಿನ ಹಾಸು. ಸದ್ದು, ಶಾಖ ತಡೆಯಲೆಂದು ಹಾಕಿರುವ ಅದು ನೀರನ್ನು ಸ್ಪಂಜಿನಂತೆ ಕುಡಿಯುತ್ತದೆ. ಕೆಳಗೆ ತಗಡು, ಮೇಲೆ ಕಾರ್ಪೆಟ್, ಒಣಗುವುದಾದರೂ ಹೇಗೆ? ನಾನು ಸುರಿದ ನೀರೆಲ್ಲ ಅಲ್ಲೇ ಕೂತಿತ್ತು. ತುಕ್ಕನ್ನು ಹೊತ್ತು ಮೇಲಕ್ಕೆ ಹತ್ತಿ ಕಲೆಯಾಗಿತ್ತು. ಹುಡುಗ ತಗಡಿಗೆ ಸ್ಕ್ರೂಡ್ರೈವರ್ ಒತ್ತಿದ. ಅದು ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು! ತೂತಿನಲ್ಲಿ ಗ್ಯಾರೇಜಿನ ನೆಲ ಕಾಣಿಸಿತು. ಮೂರು ತಿಂಗಳು ಅದರ ಮೇಲೆಯೇ ಕಾಲೂರಿ ಗಾಂಧಿಬಜಾರಿಗೆ ಹೋಗಿಬಂದಿದ್ದೆನಲ್ಲ! ನಮ್ಮವರು ಆ ದಿನವೆಲ್ಲ ಮಾತಾಡಲಿಲ್ಲ.

ಕೊಳೆತ ತಗಡು ಕತ್ತರಿಸಿ, ಹೊಸದನ್ನು ವೆಲ್ಡಿಂಗ್ ಮಾಡಿ, ತುಕ್ಕು ತಡೆಯುವ ಬಣ್ಣ ಬಳಿಸಿದೆವು. ಕಾರ್ಪೆಟ್ಟಿಗಿಂತ ಇದೇ ದುಬಾರಿಯಾಯಿತು. ಆದರೆ ನೀರು ಬಂದದ್ದೆಲ್ಲಿಂದ? ಅದು ಗೊತ್ತಾಗದೆ ಹೊಸ ಕಾರ್ಪೆಟ್ ಹಾಕಿಸುವುದು ದಂಡ. ಇದಕ್ಕೊಂದು ಸುಲಭ ಉಪಾಯವಿದೆ. ಒಣಗಿದ ತಳದ ಮೇಲೆ ಹಳೆಯ ಪತ್ರಿಕೆ ಹಾಸಿ. ಮಳೆಯಿಲ್ಲದ ದಿನ ಏಸಿ ಹಾಕಿಕೊಂಡು ಅರ್ಧ ಗಂಟೆ ಓಡಾಡಿ. ಎಡಬದಿ ಒದ್ದೆಯಾದರೆ, ಏಸಿಯ ನೀರು ಹೊರಹೋಗುವ ಸಣ್ಣ ಕೊಳವೆ ಕಟ್ಟಿಕೊಂಡಿರಬಹುದು. ಮಳೆ ಬಂದ ಮರುದಿನ ಮಾತ್ರ ಒದ್ದೆಯಾದರೆ, ಬಾಗಿಲಿನ ಅಥವಾ ಮುಂದಿನ ಗಾಜಿನ ಸುತ್ತಲ ರಬ್ಬರ್ ನೋಡಿಸಿ. ನಮ್ಮದು ಎರಡೂ ಅಲ್ಲ. 1898ರ ಪ್ಲೇಗಿನ ನಂತರ ಬೆಳೆದ ನಮ್ಮ ಬಡಾವಣೆಯ ಹಳೆಯ ಮನೆಗಳಿಗೆ ಕಾರು ಷೆಡ್ಡು ಎಲ್ಲಿಂದ ಬರಬೇಕು? ಕಾರು ಬೀದಿಯ ಹೊಂಗೆಮರದಡಿ ನಿಲ್ಲುತ್ತದೆ. ಉದುರಿದ ಎಲೆ, ಹೂವು ಮುಂದಿನ ಗಾಜಿನ ಬುಡದ ತೂಬಿನಲ್ಲಿ ಸಿಕ್ಕಿ, ಮಳೆನೀರು ಒಳಕ್ಕೆ ತಿರುಗಿತ್ತು. ಒಂದು ಹಿಡಿ ಕೊಳೆತ ಎಲೆ, ಅಷ್ಟೇ!

ಇನ್ನೂ ಕಾರು ಕೊಳ್ಳದ ಸೋದರಿಯರಿಗೆ ಇಲ್ಲೇ ಒಂದು ಮಾತು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಎಷ್ಟೋ ಕಾರುಗಳು ಮುಳುಗಿದ್ದವು. ಅಂಥ ಕಾರಿಗೆ ಬಣ್ಣ ಹೊಳೆಸಿ, ಸೆಂಟು ಹೊಡೆದಿಟ್ಟರೆ ನಮಗೇನು ಗೊತ್ತಾದೀತು? ಗಂಡಸರು ಇಂಜಿನ್ ನೋಡಲಿ. ನೀವು ಕಾರ್ಪೆಟ್ಟಿನ ಮೂಲೆ ಎತ್ತಿ ನುಣ್ಣನೆಯ ಕೆಸರಿನ ಪುಡಿ ಇದೆಯೇ, ಸೀಟಿನ ಬೋಲ್ಟ್ ತುಕ್ಕು ಹಿಡಿದಿದೆಯೇ ನೋಡಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆಯಿರಿ. ಕೊನೆಯ ಭಾಗದಲ್ಲಿ ಕೆಸರಿನ ಗುರುತಿದ್ದರೆ ನಮಸ್ಕಾರ ಹೇಳಿ ಬಂದುಬಿಡಿ.

ಬರೀ ಮೇಲಿನ ಕಲೆಯಾದರೆ ಗ್ಯಾರೇಜು ಬೇಡ, ಅಡಿಗೆಮನೆಯೇ ಸಾಕು. ಯಾವ ಕಲೆಯನ್ನೂ ತಿಕ್ಕಬೇಡಿ. ಹಳೆಯ ಪಂಚೆಯ ತುಂಡಿನಿಂದ ಒತ್ತಿ ಒತ್ತಿ ತೆಗೆಯಿರಿ. ಹಾಲು ಚೆಲ್ಲಿದರೆ ತಣ್ಣೀರು. ಬಿಸಿನೀರು ಹಾಕಿದರೆ ಅಲ್ಲೇ ಗಟ್ಟಿಯಾಗುತ್ತದೆ. ಹುಳಿ ವಾಸನೆ ಉಳಿದರೆ ಅಡಿಗೆ ಸೋಡ ಉದುರಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಗುಡಿಸಿ. ಎಣ್ಣೆಗೆ ಮೊದಲು ಮೈದಾಹಿಟ್ಟು, ಆಮೇಲೆ ಪಾತ್ರೆ ತೊಳೆಯುವ ದ್ರವದ ನೊರೆ. ಕೆಸರನ್ನು ಒಣಗಲು ಬಿಟ್ಟು ಗುಡಿಸಿ. ಸಾರಿನ ಅರಿಸಿನದ ಕಲೆ ಸೋಪು ತಾಗಿದೊಡನೆ ಕೆಂಪಾದರೆ ಹೆದರಬೇಡಿ. ಸೋಪು ತೆಗೆದು ಬಿಸಿಲಿಗಿಟ್ಟರೆ ಮಾಸುತ್ತದೆ. ನನ್ನಂತೆ ಚೊಂಬು ಚೊಂಬು ನೀರು ಮಾತ್ರ ಸುರಿಯಬೇಡಿ, ಕಾರ್ಪೆಟ್ಟಿನಡಿ ವಿದ್ಯುತ್ ತಂತಿಗಳೂ ಇರುತ್ತವೆ. ಗಾಳಿಚೀಲವಿರುವ ಹೊಸ ಬಗೆಯ ಕಾರುಗಳಲ್ಲಿ ಸೀಟು ಬಿಚ್ಚುವ ಸಾಹಸವನ್ನು ಮನೆಯಲ್ಲಿ ಮಾಡಲೇಬಾರದು.

ನಮ್ಮ ಕಾರ್ಪೆಟ್ ತೊಳೆದು, ತಾರಸಿಯಲ್ಲಿ ಎರಡು ದಿನ ಒಣಗಿಸಿದರೂ ಹಿಡಿದಲ್ಲಿ ಹರಿಯುವಂತಾಗಿತ್ತು. ಹೊಸದಕ್ಕೆ ಜೆ.ಸಿ. ರಸ್ತೆಗೆ ಹೋದೆವು. ಪುರಭವನದಿಂದ ಮಿನರ್ವ ವೃತ್ತದವರೆಗಿನ ಈ ರಸ್ತೆಯಲ್ಲಿ ಕಾರಿನ ಸಾಮಾನಿಗೆ ಬರವಿಲ್ಲ. ಒಂದು ಅಂಗಡಿಯವರು, "ಹಳೇದು ಹಾಗೇ ಇರ್ಲಿ ಅಮ್ಮಾ, ಮೇಲೆ ರೆಕ್ಸಿನ್ ಹೊಲಿದು ಕೂರಿಸಿಬಿಡ್ತೀವಿ, ಒರೆಸಿದ್ರೆ ಸಾಕು" ಎಂದರು. ನೋಡಲು ಲಕಲಕ ಎನ್ನುತ್ತಿತ್ತು. ಆದರೆ ಒದ್ದೆ ಹಾಸಿನ ಮೇಲೆ ರೆಕ್ಸಿನ್ ಹಾಕುವುದೆಂದರೆ ಬಿಸಿ ಅನ್ನದ ಡಬ್ಬಿಗೆ ಮುಚ್ಚಳ ಬಿಗಿದ ಹಾಗೆ! ನಾರಿನ ಹಾಸನ್ನೂ ಹೊಸದಾಗಿ ಹಾಕಿಸಿ, ಅಳತೆಗೆ ಕತ್ತರಿಸಿದ ಕಾರ್ಪೆಟ್ಟನ್ನೇ ಕೂರಿಸಿಕೊಂಡೆವು.

ಮೇಲೆ ಹಾಸುವ ಮ್ಯಾಟನ್ನು ಮಾತ್ರ ಚೌಕಾಸಿ ಮಾಡದೆ ನೋಡಿ ಕೊಂಡೆ. ಚಾಲಕರ ಬದಿಯದು ಜಾರಿ ಪೆಡಲಿಗೆ ಸಿಕ್ಕಿದರೆ ಗತಿಯೇನು? ಅಮೆರಿಕದಲ್ಲಿ 2009ರಲ್ಲಿ, ಮ್ಯಾಟು ಆಕ್ಸಿಲರೇಟರಿಗೆ ಸಿಕ್ಕಬಹುದೆಂದು ಟೊಯೋಟ ಕಂಪನಿ ಸುಮಾರು 38 ಲಕ್ಷ ಕಾರುಗಳನ್ನು ರಿಪೇರಿಗೆ ವಾಪಸು ಕರೆಯಬೇಕಾಯಿತು. ಒಂದರ ಮೇಲೊಂದು ಮ್ಯಾಟು ಹಾಕುವುದು ಬೇಡ. ಇರುವ ಒಂದಕ್ಕೆ ಕೊಕ್ಕೆ ಹಾಕಿಸಿ.

ಗಾಜಿನ ಬುಡದ ಎಲೆ ಆರಿಸುವ ಕೆಲಸ ಈಗ ನಮ್ಮವರದು. ಮಳೆಯ ಮರುದಿನ ಕಾಫಿಗೂ ಮೊದಲು ಕಾರಿನ ಬಳಿ ಓಡುತ್ತಾರೆ, ಎಡಬದಿ ಹಾಸಿದ ಪತ್ರಿಕೆ ನೋಡಲು. "ಒಣಗಿದೆ ಕಣೇ!" ಎಂದು ಗೇಟಿನಿಂದಲೇ ಕೂಗಿದ ಮೇಲೆಯೇ ನಾನು ಡಿಕಾಕ್ಷನ್ನಿಗೆ ಹಾಲು ಬೆರೆಸುವುದು.