ಗಾಳಿಗೆ ಬೆಲೆಯಿಲ್ಲ, ನಿಲುಗಡೆಗೆ ಬೆಲೆಯುಂಟು
ಮೆಡಿಟರೇನಿಯನ್ ಹಾಯಿದೋಣಿ ಪಯಣದ ವೆಚ್ಚ ಮತ್ತು ವ್ಯವಹಾರ

ಯೂರೋಪ್, ಏಷ್ಯಾ ಮತ್ತು ಆಫ್ರಿಕಾ ಖಂಡಗಳ ನಡುವೆ ಸುಮಾರು 25 ಲಕ್ಷ ಚದರ ಕಿಲೋಮೀಟರ್ ವಿಸ್ತಾರದಲ್ಲಿ ಹರಡಿರುವ ಮೆಡಿಟರೇನಿಯನ್ ಸಮುದ್ರವು ಪ್ರಾಚೀನ ಕಾಲದಿಂದಲೂ ವಾಣಿಜ್ಯದ ಹೆದ್ದಾರಿಯಾಗಿದೆ. ಫಿನಿಷಿಯನ್ನರು, ಗ್ರೀಕರು ಹಾಗೂ ವೆನಿಸ್ಸಿನ ವರ್ತಕರು ಸರಕು ಸಾಗಿಸಿದ ಜಲಮಾರ್ಗಗಳಲ್ಲಿ ಇಂದು ಪ್ರತಿ ಬೇಸಿಗೆಯಲ್ಲಿ ಸಹಸ್ರಾರು ಖಾಸಗಿ ಹಾಯಿದೋಣಿಗಳು ಸಂಚರಿಸುತ್ತವೆ. ಇವುಗಳ ಮಾಲೀಕರೆಲ್ಲರೂ ಕೋಟ್ಯಧೀಶರಲ್ಲ. ಮನೆಯನ್ನು ಬಾಡಿಗೆಗೆ ಕೊಟ್ಟು ಆರು ತಿಂಗಳು ದೋಣಿಯಲ್ಲಿಯೇ ವಾಸಿಸುವ ನಿವೃತ್ತ ದಂಪತಿಗಳು ಇವರಲ್ಲಿ ಗಣನೀಯ ಸಂಖ್ಯೆಯಲ್ಲಿದ್ದಾರೆ. ಇಂತಹ ಪಯಣವನ್ನು ಉಳಿತಾಯದ ಹಣದಲ್ಲಿ ನಿಭಾಯಿಸಬಹುದೇ ಎಂಬ ಪ್ರಶ್ನೆಗೆ ಉತ್ತರವು ದೋಣಿಯ ಖರೀದಿ ಬೆಲೆಗಿಂತ, ಅದು ರಾತ್ರಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಹೆಚ್ಚು ಅವಲಂಬಿಸಿದೆ.

ಸ್ವಂತದ್ದೋ, ಬಾಡಿಗೆಯದೋ?

ವರ್ಷಕ್ಕೆ ಎರಡು-ಮೂರು ವಾರ ಮಾತ್ರ ಬಿಡುವಿರುವವರಿಗೆ ಬಾಡಿಗೆ ದೋಣಿಯೇ ಲಾಭದಾಯಕ. ಕ್ರೊಯೇಷಿಯಾ ಮತ್ತು ಗ್ರೀಸ್ ಈ ಉದ್ಯಮದ ಪ್ರಮುಖ ಕೇಂದ್ರಗಳು. ಸಾಮಾನ್ಯವಾಗಿ ಶನಿವಾರದಿಂದ ಶನಿವಾರದವರೆಗೆ ಒಂದು ವಾರದ ಲೆಕ್ಕದಲ್ಲಿ ದೋಣಿ ದೊರೆಯುತ್ತದೆ. ಜುಲೈ-ಆಗಸ್ಟ್ ತಿಂಗಳುಗಳ ದರವು ಮೇ ಅಥವಾ ಅಕ್ಟೋಬರ್ ದರದ ಇಮ್ಮಡಿಯಷ್ಟಾಗುವುದುಂಟು. ಇಂಧನ, ಅಂತಿಮ ಸ್ವಚ್ಛತೆ, ಪ್ರವಾಸಿ ತೆರಿಗೆ ಮತ್ತು ಭದ್ರತಾ ಠೇವಣಿಗಳು ಪ್ರತ್ಯೇಕ. ಚಾಲಕನನ್ನು ನೇಮಿಸಿಕೊಂಡರೆ ಅವನ ದಿನಗೂಲಿಯ ಜೊತೆಗೆ ಊಟದ ವೆಚ್ಚವೂ ಸೇರುತ್ತದೆ.

ಸ್ವತಃ ನಡೆಸುವವರು ಪರವಾನಗಿಯನ್ನು ತೋರಿಸಬೇಕು. ವಿಶ್ವಸಂಸ್ಥೆಯ ಯೂರೋಪ್ ಆರ್ಥಿಕ ಆಯೋಗದ 40ನೆಯ ನಿರ್ಣಯದ ಅನ್ವಯ ನೀಡಲಾಗುವ ಅಂತಾರಾಷ್ಟ್ರೀಯ ಸಾಮರ್ಥ್ಯ ಪ್ರಮಾಣಪತ್ರಕ್ಕೆ ವ್ಯಾಪಕ ಮನ್ನಣೆಯಿದೆ. ಕ್ರೊಯೇಷಿಯಾದಲ್ಲಿ ಇದರ ಜೊತೆಗೆ ರೇಡಿಯೋ ಬಳಕೆಯ ಪ್ರಮಾಣಪತ್ರವೂ ಅಗತ್ಯ. ಗ್ರೀಸ್‌ನಲ್ಲಿ ಬಾಡಿಗೆ ದೋಣಿಯನ್ನು ಪಡೆಯಲು ಅನುಭವವುಳ್ಳ ಎರಡನೆಯ ವ್ಯಕ್ತಿಯೊಬ್ಬರು ಜೊತೆಗಿರಬೇಕು.

ವರ್ಷದಲ್ಲಿ ಹಲವು ತಿಂಗಳು ಸಮುದ್ರದಲ್ಲಿರಬಯಸುವವರು ಸ್ವಂತ ದೋಣಿಯತ್ತ ಒಲಿಯುತ್ತಾರೆ. ಇಬ್ಬರಿಗೆ 10ರಿಂದ 12 ಮೀಟರ್ ಉದ್ದದ ಹಳೆಯ ದೋಣಿ ಸಾಕಾಗುತ್ತದೆ. ದೋಣಿಯ ಮೌಲ್ಯದ ಶೇ. 10ರಷ್ಟನ್ನು ವಾರ್ಷಿಕ ನಿರ್ವಹಣೆಗೆ ತೆಗೆದಿರಿಸಬೇಕೆಂಬುದು ಈ ವಲಯದಲ್ಲಿ ರೂಢಿಯಲ್ಲಿರುವ ಸ್ಥೂಲ ಸೂತ್ರ. ತಳಭಾಗಕ್ಕೆ ಪಾಚಿ ಮತ್ತು ಚಿಪ್ಪುಜೀವಿಗಳು ಅಂಟದಂತೆ ಪ್ರತಿ ವರ್ಷ ವಿಶೇಷ ಬಣ್ಣ ಬಳಿಯಬೇಕು. ಕೂವೆಕಂಬವನ್ನು ಬಿಗಿದಿರುವ ಉಕ್ಕಿನ ತಂತಿಗಳನ್ನು 10-15 ವರ್ಷಗಳಿಗೊಮ್ಮೆ ಬದಲಿಸಬೇಕು. ತಂತಿಗಳ ವಯಸ್ಸು ಮೀರಿದ್ದರೆ ವಿಮಾ ಸಂಸ್ಥೆಗಳು ತಕರಾರು ಎತ್ತುವುದು ಸಾಮಾನ್ಯ.

ನಿಲುಗಡೆಯೇ ನಿರ್ಣಾಯಕ

ಗಾಳಿಗೆ ಬೆಲೆಯಿಲ್ಲ. ನಿಲ್ಲುವ ಜಾಗಕ್ಕೆ ಬೆಲೆಯುಂಟು. ವಿದ್ಯುತ್, ನೀರು, ಕಾವಲುಗಳನ್ನು ಒದಗಿಸುವ ಸುಸಜ್ಜಿತ ದೋಣಿ ನಿಲ್ದಾಣಗಳನ್ನು ಮರೀನಾ ಎಂದು ಕರೆಯುತ್ತಾರೆ. 1983ರಲ್ಲಿ ಸ್ಥಾಪಿತವಾಗಿ ಇಂದು 22 ಮರೀನಾಗಳನ್ನು ನಡೆಸುತ್ತಿರುವ ಕ್ರೊಯೇಷಿಯಾದ ಎ.ಸಿ.ಐ. ಸಂಸ್ಥೆಯು ಈ ಸೇವೆಯು ಎಷ್ಟು ದೊಡ್ಡ ಉದ್ಯಮವಾಗಿ ಬೆಳೆದಿದೆ ಎಂಬುದಕ್ಕೆ ನಿದರ್ಶನ. ಆಡ್ರಿಯಾಟಿಕ್ ತೀರದಲ್ಲಾಗಲಿ, ಸ್ಪೇನ್‌ನ ಬಾಲಿಯಾರಿಕ್ ದ್ವೀಪಗಳಲ್ಲಾಗಲಿ ಬೇಸಿಗೆಯ ನಡುವೆ 12 ಮೀಟರ್ ದೋಣಿಗೆ ಒಂದು ರಾತ್ರಿಯ ದರ 100 ಯೂರೊ ದಾಟುವುದು ಅಪರೂಪವಲ್ಲ. ಎರಡು ಒಡಲುಗಳ ಕ್ಯಾಟಮರಾನ್ ದೋಣಿಗೆ ಒಂದೂವರೆ ಪಟ್ಟು ಅಥವಾ ಅದಕ್ಕೂ ಹೆಚ್ಚು ದರವಿರುತ್ತದೆ. ಗ್ರೀಸ್‌ನ ಸಣ್ಣ ಊರುಗಳ ಪುರಸಭಾ ಧಕ್ಕೆಗಳಲ್ಲಿ ಇದರ ಒಂದು ಅಲ್ಪಾಂಶದಲ್ಲಿ ರಾತ್ರಿ ಕಳೆಯಬಹುದು. ಸುರಕ್ಷಿತ ಕೊಲ್ಲಿಯಲ್ಲಿ ಲಂಗರು ಹಾಕಿದರೆ ಬಹುಪಾಲು ಕಡೆ ಖರ್ಚೇ ಇಲ್ಲ.

ಒಂದು ಉದಾಹರಣೆಯನ್ನು ಗಮನಿಸಬಹುದು. ದೋಣಿಯ ಮೌಲ್ಯ 80,000 ಯೂರೊ ಮತ್ತು ಮರೀನಾದ ಸರಾಸರಿ ದರ ರಾತ್ರಿಗೆ 60 ಯೂರೊ ಎಂದಿಟ್ಟುಕೊಳ್ಳೋಣ. 26 ವಾರಗಳ ಹಂಗಾಮಿನಲ್ಲಿ ಪ್ರತಿ ರಾತ್ರಿಯೂ ಮರೀನಾದಲ್ಲಿಯೇ ನಿಂತರೆ 182 ರಾತ್ರಿಗಳಿಗೆ 10,920 ಯೂರೊ ತಗಲುತ್ತದೆ. ವಾರಕ್ಕೆ ಎರಡೇ ರಾತ್ರಿ ಅಲ್ಲಿ ತಂಗಿ, ಉಳಿದಂತೆ ಲಂಗರು ಹಾಕಿದರೆ 52 ರಾತ್ರಿಗಳಿಗೆ 3,120 ಯೂರೊ ಮಾತ್ರ. ಉಳಿತಾಯವಾಗುವ 7,800 ಯೂರೊ, ಶೇ. 10ರ ಸೂತ್ರದಂತೆ ಬರುವ ವರ್ಷದ ನಿರ್ವಹಣಾ ವೆಚ್ಚಕ್ಕೆ ಬಹುತೇಕ ಸಮ. ಆದ್ದರಿಂದಲೇ ಅನುಭವಿಗಳು ಒಳಾಂಗಣದ ಅಲಂಕಾರಕ್ಕೆ ಹಣ ಸುರಿಯುವ ಮೊದಲು ಉತ್ತಮ ಲಂಗರು, ಉದ್ದನೆಯ ಸರಪಳಿ, ಸೌರಫಲಕ ಮತ್ತು ದೊಡ್ಡ ನೀರಿನ ತೊಟ್ಟಿಗಳಿಗೆ ಬಂಡವಾಳ ಹೂಡುತ್ತಾರೆ.

ಲಂಗರಿಗೂ ನಿಯಮಗಳುಂಟು. ಸಮುದ್ರತಳದ ಪೊಸಿಡೋನಿಯಾ ಹುಲ್ಲುಗಾವಲಿನ ಮೇಲೆ ಲಂಗರು ಹಾಕುವುದನ್ನು ಬಾಲಿಯಾರಿಕ್ ದ್ವೀಪಗಳ ಆಡಳಿತವು 2018ರಲ್ಲಿ ನಿಷೇಧಿಸಿತು. ಹುಲ್ಲಿಲ್ಲದ ಮರಳಿನ ತಳವನ್ನು ಗುರುತಿಸಿಯೇ ಲಂಗರು ಇಳಿಸಬೇಕು.

ತೆರಿಗೆ ಮತ್ತು ಕಾಲಮಿತಿ

ಮಾಲೀಕನಿಗೂ ದೋಣಿಗೂ ಬೇರೆ ಬೇರೆ ಗಡಿಯಾರಗಳಿವೆ. ಯೂರೋಪ್ ಒಕ್ಕೂಟದ ಹೊರಗೆ ವಾಸಿಸುವವರು ಹೊರಗೆ ನೋಂದಣಿಯಾದ ತಮ್ಮ ದೋಣಿಯನ್ನು ಮೌಲ್ಯವರ್ಧಿತ ತೆರಿಗೆ ತೆರದೆ 18 ತಿಂಗಳವರೆಗೆ ಒಕ್ಕೂಟದ ಜಲಪ್ರದೇಶದಲ್ಲಿ ಇರಿಸಬಹುದು. ಆದರೆ ವೀಸಾ ಪಡೆದು ಬಂದ ಭಾರತೀಯ ಪ್ರವಾಸಿಯು ಷೆಂಗೆನ್ ವಲಯದಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ ಗರಿಷ್ಠ 90 ದಿನ ಮಾತ್ರ ಇರಬಹುದು. ದೋಣಿಗೆ ಅವಕಾಶವಿದ್ದರೂ ಮಾಲೀಕನಿಗೆ ಇಲ್ಲವೆಂಬ ಸ್ಥಿತಿ ಇದರಿಂದ ಉಂಟಾಗುತ್ತದೆ. ಮೊದಲು ಅನೇಕರು ಉಳಿದ ದಿನಗಳನ್ನು ಕ್ರೊಯೇಷಿಯಾದಲ್ಲಿ ಕಳೆಯುತ್ತಿದ್ದರು. 2023ರ ಜನವರಿ 1ರಂದು ಆ ದೇಶವು ಷೆಂಗೆನ್ ವಲಯವನ್ನು ಸೇರಿದ ಬಳಿಕ ಆ ದಾರಿ ಮುಚ್ಚಿತು. ಈಗ ಟರ್ಕಿ, ಮಾಂಟೆನೆಗ್ರೊ, ಆಲ್ಬೇನಿಯಾ ಅಥವಾ ಟ್ಯುನೀಷಿಯಾ ದೇಶಗಳನ್ನು ಪಯಣದ ಯೋಜನೆಯಲ್ಲಿ ಮೊದಲೇ ಸೇರಿಸಿಕೊಳ್ಳಬೇಕಾಗಿದೆ.

ಒಕ್ಕೂಟದ ದೇಶಗಳಲ್ಲಿ ನೆಲೆಸಿರುವವರಿಗೆ 18 ತಿಂಗಳ ರಿಯಾಯಿತಿ ಅನ್ವಯಿಸದು. ಜರ್ಮನಿಯಲ್ಲೋ ನೆದರ್‌ಲ್ಯಾಂಡ್ಸ್‌ನಲ್ಲೋ ಉದ್ಯೋಗದಲ್ಲಿರುವ ಕನ್ನಡಿಗರೊಬ್ಬರು ಹಳೆಯ ದೋಣಿಯನ್ನು ಕೊಳ್ಳುವುದಾದರೆ ತೆರಿಗೆ ಪಾವತಿಯ ಮೂಲ ದಾಖಲೆಯನ್ನು ಕೇಳಿ ಪಡೆಯುವುದು ಅತ್ಯವಶ್ಯಕ. ದಾಖಲೆಯಿಲ್ಲದ ದೋಣಿಗೆ ಗ್ರೀಸ್‌ನ ಶೇ. 24ರ ದರದಲ್ಲಿ ತೆರಿಗೆ ಬಿದ್ದರೆ 80,000 ಯೂರೊ ಮೌಲ್ಯಕ್ಕೆ 19,200 ಯೂರೊ ಹೆಚ್ಚುವರಿ ಹೊರೆಯಾಗುತ್ತದೆ. ಅಗ್ಗವೆಂದು ಕೊಂಡದ್ದು ಹೀಗೆ ದುಬಾರಿಯಾಗಿ ಪರಿಣಮಿಸಬಹುದು.

ಗ್ರೀಸ್ 2019ರಲ್ಲಿ ಪ್ರತ್ಯೇಕ ಸಂಚಾರ ಶುಲ್ಕವನ್ನು ಜಾರಿಗೊಳಿಸಿತು. ಆಗ ನಿಗದಿಯಾದಂತೆ 10ರಿಂದ 12 ಮೀಟರ್ ದೋಣಿಗೆ ತಿಂಗಳಿಗೆ 33 ಯೂರೊ, 12 ಮೀಟರ್ ಮೀರಿದರೆ ಪ್ರತಿ ಮೀಟರಿಗೆ ತಿಂಗಳಿಗೆ 8 ಯೂರೊ. ಈ ಲೆಕ್ಕದಲ್ಲಿ 13 ಮೀಟರ್ ದೋಣಿಯ ಶುಲ್ಕ 104 ಯೂರೊ. ಒಂದು ಮೀಟರ್ ಹೆಚ್ಚುವರಿ ಉದ್ದವು ಶುಲ್ಕವನ್ನು ಮೂರು ಪಟ್ಟು ಮಾಡುವ ಇಂತಹ ಮಿತಿಗಳನ್ನು ಖರೀದಿಗೆ ಮುನ್ನವೇ ಅರಿತಿರಬೇಕು.

ಗಾಳಿ, ಅಪಾಯ ಮತ್ತು ವಿಮೆ

ಪಯಣದ ಹಂಗಾಮು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ. ಬೇಸಿಗೆಯಲ್ಲಿ ಗಾಳಿ ಒಂದೋ ತೀರ ಮಂದ, ಇಲ್ಲವೇ ಅತಿ ಬಿರುಸು. ಹೀಗಾಗಿ ಪಯಣದ ಗಣನೀಯ ಭಾಗವನ್ನು ಎಂಜಿನ್ ಬಲದಿಂದಲೇ ಸಾಗಬೇಕಾಗುತ್ತದೆ. 11 ಮೀಟರ್ ದೋಣಿಯ ಎಂಜಿನ್ ಗಂಟೆಗೆ 2ರಿಂದ 4 ಲೀಟರ್ ಡೀಸೆಲ್ ಬಳಸುತ್ತದೆ. ಏಜಿಯನ್ ಸಮುದ್ರದಲ್ಲಿ ಜುಲೈ-ಆಗಸ್ಟ್‌ನಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿಯು ಹಲವು ದಿನ ದೋಣಿಗಳನ್ನು ಬಂದರಿನಲ್ಲಿಯೇ ತಡೆದು ನಿಲ್ಲಿಸುತ್ತದೆ. ಆರಂಭಿಕರಿಗೆ ಗ್ರೀಸ್‌ನ ಪಶ್ಚಿಮದಲ್ಲಿರುವ ಶಾಂತ ಅಯೋನಿಯನ್ ಸಮುದ್ರವೇ ಸೂಕ್ತ.

ಅಪಾಯಗಳು ಕಾಲ್ಪನಿಕವಲ್ಲ. 2022ರ ಆಗಸ್ಟ್ 18ರಂದು ಫ್ರಾನ್ಸ್‌ನ ಕೋರ್ಸಿಕಾ ದ್ವೀಪಕ್ಕೆ ಗಂಟೆಗೆ 200 ಕಿಲೋಮೀಟರ್ ಮೀರಿದ ಗಾಳಿ ಅಪ್ಪಳಿಸಿದಾಗ ಲಂಗರು ಹಾಕಿದ್ದ ಅನೇಕ ದೋಣಿಗಳು ದಡಕ್ಕೆ ಎಸೆಯಲ್ಪಟ್ಟವು. ಜಿಬ್ರಾಲ್ಟರ್ ಜಲಸಂಧಿಯ ಆಸುಪಾಸಿನಲ್ಲಿ 2020ರಿಂದ ಓರ್ಕಾ ತಿಮಿಂಗಿಲಗಳು ದೋಣಿಗಳ ಚುಕ್ಕಾಣಿಯನ್ನು ಮುರಿದಿರುವ ಹಲವಾರು ಪ್ರಕರಣಗಳಿವೆ. ಕೆಲವು ದೋಣಿಗಳು ಮುಳುಗಿಯೂ ಇವೆ. ಇಟಲಿ, ಸ್ಪೇನ್, ಗ್ರೀಸ್ ಮತ್ತು ಕ್ರೊಯೇಷಿಯಾಗಳಲ್ಲಿ ಮೂರನೆಯ ವ್ಯಕ್ತಿಯ ಹಾನಿಗೆ ಸಂಬಂಧಿಸಿದ ವಿಮೆ ಅಗತ್ಯ. ಸ್ವಂತ ದೋಣಿಯ ಹಾನಿಗೂ ವಿಮೆ ಮಾಡಿಸುವುದು ವಿವೇಕ.

ಚಳಿಗಾಲದ ವ್ಯವಸ್ಥೆ

ಹಂಗಾಮು ಮುಗಿದ ಮೇಲೆ ದೋಣಿಯನ್ನು ನೀರಿನಿಂದ ಮೇಲೆತ್ತಿ ಅಂಗಳದಲ್ಲಿ ಇರಿಸುವ ಪದ್ಧತಿಯಿದೆ. ಗ್ರೀಸ್‌ನ ಪ್ರೆವೆಜಾ ಮತ್ತು ಲೆರೋಸ್‌ನಂತಹ ಸ್ಥಳಗಳಲ್ಲಿ ಇದೇ ಪ್ರಮುಖ ಸ್ಥಳೀಯ ಉದ್ಯಮಗಳಲ್ಲೊಂದು. ಬೇಸಿಗೆಯಲ್ಲಿ ಪ್ರವಾಸಿಗರಿಂದ ಆದಾಯ ಗಳಿಸುವ ಊರಿಗೆ ಚಳಿಗಾಲದಲ್ಲಿ ಬಣ್ಣ ಬಳಿಯುವವರು, ಹಾಯಿ ಹೊಲಿಯುವವರು ಮತ್ತು ಎಂಜಿನ್ ದುರಸ್ತಿಗಾರರ ಕೆಲಸವು ಆಸರೆಯಾಗುತ್ತದೆ.

ಒಟ್ಟಿನಲ್ಲಿ, ಹಾಯಿದೋಣಿಯ ಪಯಣವು ಎಲ್ಲ ಉದ್ಯಮಗಳಿಗೂ ಪರಿಚಿತವಾದ ಪಾಠವನ್ನೇ ಹೇಳುತ್ತದೆ. ಯಂತ್ರದ ಖರೀದಿ ಬೆಲೆಗೆ ಚೌಕಾಸಿ ಮಾಡಿ, ಅದರ ಸ್ಥಿರ ವೆಚ್ಚವನ್ನು ಮರೆತವನ ಲೆಕ್ಕ ತಪ್ಪುತ್ತದೆ. ಚಿಕ್ಕ ದೋಣಿ, ಬಲವಾದ ಲಂಗರು, ಸರಿಯಾದ ದಾಖಲೆಗಳು ಮತ್ತು ಅವಸರವಿಲ್ಲದ ಮನಸ್ಸು ಇದ್ದರೆ ಮಧ್ಯಮ ಆದಾಯದವರಿಗೂ ಈ ಸಮುದ್ರ ದೂರವಲ್ಲ.