ಕತ್ತಿಯ ಹಿಡಿಗೆ ಬದುವಿನ ಮರ

ತುಮಕೂರಿನ ಸತ್ಯಮಂಗಲ ಎಂದರೆ ಮೊದಲು ನೆನಪಾಗುವುದು ಕೈಗಾರಿಕಾ ಪ್ರದೇಶ. ಸುತ್ತಲಿನ ಗುಬ್ಬಿ, ಕುಣಿಗಲ್ ಸೀಮೆಯಾದರೋ ತೆಂಗು, ಹುಣಸೆ, ಹಲಸಿನದು. ಇಲ್ಲಿ ಎಳನೀರು ಕೆತ್ತುವ ಮಚ್ಚು, ಹುಲ್ಲು ಕೊಯ್ಯುವ ಕುಡುಗೋಲು, ಅಡುಗೆಮನೆಯ ಚೂರಿ ದಿನವೂ ಬೇಕು. ಕೊಳ್ಳುವಾಗ ಎಲ್ಲರೂ ನೋಡುವುದು ಅಲಗನ್ನು. ಆದರೆ ದಿನವಿಡೀ ಅಂಗೈಗೆ ತಾಗುವುದು ಹಿಡಿ. ಅದು ಸರಿಯಿಲ್ಲದಿದ್ದರೆ ಬೊಬ್ಬೆ ಏಳುತ್ತದೆ, ಒದ್ದೆ ಕೈಯಲ್ಲಿ ಜಾರುತ್ತದೆ.

ಒಳ್ಳೆಯ ಹಿಡಿಗೆ ಬೇಕಾದ ಮರ ನಮ್ಮ ಹೊಲದ ಬದುವಿನಲ್ಲೇ ಇದೆ. ಮಾಂಸದಂಗಡಿಯ ಕೊರಡು ಹುಣಸೆಯದು. ಸಾವಿರ ಏಟು ತಿಂದರೂ ಸೀಳದ ಗುಣ ಚೂರಿಯ ಹಿಡಿಗೂ ಬೇಕು. ಬಲಿತ ಹುಣಸೆಯ ಕಪ್ಪುಗಂದು ಚೇಗು ಉಜ್ಜಿದಷ್ಟೂ ಹೊಳೆಯುತ್ತದೆ. ಗಾಡಿಯ ಚಕ್ರಕ್ಕೆ ಒದಗಿದ ಜಾಲಿ ಮಚ್ಚಿಗೆ ಹೇಳಿಮಾಡಿಸಿದ ಮರ. ಹಳದಿ ಬಣ್ಣದ ಹಲಸು ಹಗುರ, ಕೆತ್ತಲು ಸಲೀಸು. ತರಕಾರಿ ಹೆಚ್ಚುವ ಚೂರಿಗೆ ಸಾಕು. ಕೊಡಲಿಯ ಕಾವಿಗಾದರೆ ಪೆಟ್ಟು ತಾಳುವ ದಿಂಡಿಗ ಹೆಸರಾದದ್ದು.

ಮರ ಯಾವುದಾದರೂ ತುಂಡನ್ನು ಆರಿಸುವ ಕ್ರಮ ಒಂದೇ. ಕಾಂಡದ ನಟ್ಟನಡುವಿನ ತಿರುಳು ಬೇಡ, ಬಿರುಕು ಅಲ್ಲಿಂದಲೇ ಶುರು. ಗಂಟಿರಬಾರದು, ಎಳೆ ಹಿಡಿಯ ಉದ್ದಕ್ಕೆ ನೇರವಾಗಿ ಸಾಗಬೇಕು. ಹಸಿ ಮರ ಒಣಗುತ್ತಾ ಕುಗ್ಗಿ ಅಲಗನ್ನು ಸಡಿಲ ಬಿಡುತ್ತದೆ. ಅದಕ್ಕೇ ತುದಿಗಳಿಗೆ ಮೇಣ ಬಳಿದು, ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷದ ಲೆಕ್ಕದಲ್ಲಿ ನೆರಳಲ್ಲಿ ಒಣಗಿಸಬೇಕು. ಕಡೆಗೆ ಅಗಸೆ ಎಣ್ಣೆ ಹಚ್ಚಬೇಕು. ಅದು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆ ಹಾಗೆ ಒಣಗುವುದಿಲ್ಲ.

ಸದಾ ನೀರಲ್ಲಿ ಕೆಲಸವಿದ್ದರೆ ಮರಕ್ಕಿಂತ ಹೈಲಂ ಹಾಳೆಯ ಹಿಡಿ ಒಳ್ಳೆಯದು. ಬಟ್ಟೆ ಅಥವಾ ಕಾಗದದ ಪದರಗಳನ್ನು ರಾಳದಲ್ಲಿ ಅದ್ದಿ ಒತ್ತಿದ ಈ ಹಾಳೆ ಉಬ್ಬುವುದಿಲ್ಲ, ಕುಗ್ಗುವುದೂ ಇಲ್ಲ. ಕತ್ತರಿಸುವಾಗ ಮಾತ್ರ ಮೂಗಿಗೆ ಮಾಸ್ಕ್ ಇರಲಿ.

ಅಂದಕ್ಕೆ ಮರುಳಾಗಿ ದಂತ, ಜಿಂಕೆ ಕೊಂಬು ಹುಡುಕುವುದು ಸಲ್ಲದು. ಕೊಡವರ ಹಳೆಯ ಪೀಚೆಕತ್ತಿಗಳಲ್ಲಿ ದಂತದ ಹಿಡಿಗಳಿವೆ, ನಿಜ. ಇಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಆ ವ್ಯಾಪಾರ ಅಪರಾಧ. ತಾನಾಗಿ ಉದುರಿದ ಕೊಂಬನ್ನೂ ಮಾರುವಂತಿಲ್ಲ. ಬೀಟೆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ 2017ರಿಂದ ಸೈಟಿಸ್ ಒಪ್ಪಂದದ ನಿಯಂತ್ರಣವಿದೆ. ಬೇಸಾಯದ ಮನೆಯಲ್ಲಿ ಮುರಿದುಬಿದ್ದ ಹುಣಸೆಯ ಕೊಂಬೆ ಸೌದೆಯಾಗುವ ಮುನ್ನ ಒಂದು ತುಂಡು ಎತ್ತಿಟ್ಟರೆ ಅಷ್ಟೇ ಚೆಲುವಾದ ಹಿಡಿ ಸಿದ್ಧ.

ಅಲಗಿಗೆ ಹಿಡಿ ಕೂರಿಸುವ ಹಳೆಯ ವಿಧಾನವೂ ಜಾಣತನದ್ದು. ಹಿಡಿಯಲ್ಲಿ ತೂತು ಕೊರೆದು ಅರಗಿನ ಪುಡಿ ತುಂಬಿ, ಅಲಗಿನ ಚೂಪಾದ ಹಿಂತುದಿಯನ್ನು ಕಾಯಿಸಿ ಒಳಕ್ಕೆ ಒತ್ತುತ್ತಾರೆ. ಅರಗು ಕರಗಿ, ಆರಿದೊಡನೆ ಬಿಗಿಯುತ್ತದೆ. ಹಿಡಿಯ ಬಾಯಿಗೆ ಹಾಕಿದ ಹಿತ್ತಾಳೆ ಬಳೆ ಮರ ಸೀಳದಂತೆ ಕಾಯುತ್ತದೆ. ಹಿಡಿ ಸವೆದರೆ ಮತ್ತೆ ಕಾಯಿಸಿ ಎಳೆದು ಹೊಸದನ್ನು ಕೂರಿಸಬಹುದು. ಒಂದೇ ಅಲಗು ಅಪ್ಪನಿಂದ ಮಗನಿಗೆ ದಾಟುವುದು ಹೀಗೆ. ಮುಂದಿನ ಸಲ ಕುಲುಮೆಗೆ ಹೋದಾಗ ಅಲಗಿನ ಜೊತೆಗೆ ಹಿಡಿಯ ಮರ ಯಾವುದು, ಎಷ್ಟು ಒಣಗಿದೆ ಎಂದೂ ಕೇಳಿ. ಕೇಳುವವರಿದ್ದರೆ ಈ ಕಸುಬು ಉಳಿಯುತ್ತದೆ.